ಐವತ್ತೆರಡು ನಿಮಿಷವೋ, ಎಪ್ಪತ್ತೋ

ಕಲಬುರಗಿಯ ಹಳೆಯ ವಿಮಾನ ನಿಲ್ದಾಣ
ಆಷಾಢದ ನಲವತ್ತೊಂದನೆಯ ದಿನ, ಇಸವಿ ೨೩೧೧

ವಿಮಾನ ಹಾರುತ್ತಿದ್ದ ಕಾಲದ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ಬೀಳುವವರೆಗೂ ನಮ್ಮಲ್ಲಿ ಆಷಾಢ ಮುಗಿಯುವುದಿಲ್ಲ. ನನ್ನ ಕೆಲವು ಮಾತು ವಿಚಿತ್ರ ಅನಿಸಿದರೆ ಕ್ಷಮಿಸಿ; ನಿಮ್ಮ ಕಾಗದಗಳನ್ನು ಓದುವಾಗ ನಮಗೂ ಹಾಗೇ ಆಗುತ್ತದೆ.

ನನ್ನ ಹೆಸರು ಗುರುಬಾಯಿ. ತಂಗಿ ಕಸ್ತೂರಿಯನ್ನು ಬೆಳಗಾವಿಗೆ ಕೊಟ್ಟು ಆರು ವರ್ಷವಾಯಿತು. ಆಮೇಲೆ ಅವಳ ಮುಖ ನೋಡಿಲ್ಲ. ಎತ್ತಿನ ಗಾಡಿಯಲ್ಲಿ ಇಪ್ಪತ್ತಾರು ದಿನದ ದಾರಿ. ಕೃಷ್ಣೆ ದಾಟಿಸುವ ದೋಣಿಯವರ ಮರ್ಜಿ ಬೇರೆ. ಸುದ್ದಿ ಬರುವುದು ಓಟೋಲೆಯಲ್ಲಿ, ಅಂದರೆ ಊರಿಂದೂರಿಗೆ ಓಡುವವರು ಕೈ ಬದಲಿಸುತ್ತ ತರುವ ಪತ್ರದಲ್ಲಿ. ಅದಕ್ಕೂ ಒಂಬತ್ತು ದಿನ ಬೇಕು.

ಹೋಗಲಾಗದವರಿಗೆಂದು ನಮ್ಮಲ್ಲಿ ಕೂತುಪಯಣವಿದೆ. ನಿಲ್ದಾಣದಲ್ಲಿ ನಿಮ್ಮ ವಿಮಾನದ ಹನ್ನೆರಡು ಕುರ್ಚಿಗಳು ಉಳಿದಿವೆ. ಸ್ನಾನ ಮಾಡಿ, ಬಟ್ಟೆಬರೆಯ ಗಂಟು ಕಟ್ಟಿಕೊಂಡು, ಹೋಗಬೇಕಾದ ಊರಿನ ದಿಕ್ಕಿಗೆ ಮುಖ ಮಾಡಿ ಕೂತು ಸೊಂಟದ ಪಟ್ಟಿ ಬಿಗಿಯಬೇಕು. ವಿಮಾನಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತು ಮಾತಾಡದೆ ಕೂತರೆ ತಲುಪಿದಂತೆ. ಅಲ್ಲಿಯವರಿಗೆ ಯಾರೋ ಪಕ್ಕದಲ್ಲಿ ಬಂದು ಕೂತ ಹಾಗಾಗುತ್ತದೆ ಎಂದು ನಂಬುತ್ತೇವೆ. ನಗಬೇಡಿ, ನಮ್ಮ ಕೈಲಾಗುವುದು ಇಷ್ಟೇ. ನಡುವೆ ಎದ್ದರೆ ಮಾತ್ರ ಎಲ್ಲ ವ್ಯರ್ಥ. ಹೊತ್ತು ನೋಡುವವರು ಹುಸೇನಪ್ಪ ಕಾಕಾ. ಅವರ ಬಳಿ ಮರಳಿನ ಗಡಿಯಾರವಿದೆ, ಡಬ್ಬಿಯಲ್ಲಿ ನಿಮ್ಮ ಕಾಲದ ಹಾಳೆಯೊಂದಿದೆ: ಕಲಬುರಗಿಯಿಂದ ಬೆಳಗಾವಿ, ಸುಮಾರು ಮುನ್ನೂರು ಕಿಲೋಮೀಟರು, ಐವತ್ತೆರಡು ನಿಮಿಷ.

ಇವತ್ತು ಬೆಳಿಗ್ಗೆ ಕಸ್ತೂರಿಯ ಓಟೋಲೆ ಬಂತು. "ಅಕ್ಕಾ, ನಾಳೆ ಹೆರಿಗಿ ಆಗ್ತದಂತ ಹೇಳ್ಯಾರ. ಭಾಳ ಅಂಜಿಕಿ ಆಗ್ಲಾಕತ್ತದ. ನೀ ಬಾಜೂಕ ಇದ್ರ ಸಾಕು." ಆ ನಾಳೆ ಕಳೆದು ಎಂಟು ದಿನವಾಯಿತೆಂದು ನನಗೆ ತಿಳಿಯದೇ? ಆದರೂ ಓಡಿ ಬಂದು ಕೂತೆ. ಐವತ್ತೆರಡನೆಯ ನಿಮಿಷಕ್ಕೆ ಕಾಕಾ ಕೈಯೆತ್ತಿದರು. ಪಟ್ಟಿ ಬಿಚ್ಚಿ ಎದ್ದೆ. ಹಾಳೆಯನ್ನು ತಿರುಗಿ ಇಡುವಾಗ ಡಬ್ಬಿಯ ತಳಕ್ಕೆ ಅಂಟಿದ್ದ ಇನ್ನೊಂದು ಹಾಳೆ ಅವರ ಕೈಗೆ ಬಂತು. ಅದೇ ಊರುಗಳು, ಅದೇ ದೂರ. ಎಪ್ಪತ್ತು ನಿಮಿಷ.

"ಹದಿನೆಂಟು ನಿಮಿಷ ಕಡಿಮಿ ಬಿತ್ತಲ್ಲವ್ವ" ಎಂದು ಕಾಕಾ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. ಮೂವತ್ತು ವರ್ಷದಿಂದ ಬೆಳಗಾವಿಗೆಂದು ಕೂತವರನ್ನೆಲ್ಲ ಐವತ್ತೆರಡಕ್ಕೇ ಎಬ್ಬಿಸಿದವರು ಅವರು.

ಒಂದೇ ಆಕಾಶ, ಒಂದೇ ದಾರಿ; ಎರಡು ಲೆಕ್ಕ ಯಾಕೆ ಬರೆದಿಟ್ಟಿರಿ? ನಿಮಗೇನು, ಹದಿನೆಂಟು ನಿಮಿಷ ತಡವಾದರೆ ಗೊಣಗಿಕೊಂಡು ಇನ್ನೊಂದು ಚಹಾ ಕುಡಿಯುತ್ತಿದ್ದಿರಿ. ನಿಮ್ಮ ಮೇಲೆ ಸಿಟ್ಟು ಬರುತ್ತದೆ, ಹಿಂದೆಯೇ ಅಳು ಬರುತ್ತದೆ. ಐವತ್ತೆರಡು ಸರಿಯಾಗಿದ್ದರೆ ನಾನು ತಂಗಿಯ ಹತ್ತಿರ ಹೋಗಿ ಕೂತೆ. ಎಪ್ಪತ್ತಾಗಿದ್ದರೆ ನಡುದಾರಿಯಲ್ಲೇ ಅವಳ ಕೈ ಬಿಟ್ಟೆ. ಅವಳು ಬದುಕಿದ್ದಾಳೋ ಇಲ್ಲವೋ ತಿಳಿಯಲು ಮುಂದಿನ ಓಟೋಲೆಯೇ ಬರಬೇಕು.

ಮತ್ತೆ ಬಂದು ಕೂತಿದ್ದೇನೆ. ಈ ಪತ್ರ ತೊಡೆಯ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಎಪ್ಪತ್ತೂ ದಾಟಿತು. ಮೂರನೆಯ ಹಾಳೆಯೊಂದು ಎಲ್ಲಾದರೂ ಇದ್ದರೆ? "ಏಳವ್ವ" ಎನ್ನಲು ಧೈರ್ಯ ಸಾಲದೆ ಕಾಕಾ ಮರಳನ್ನು ಇನ್ನೊಮ್ಮೆ ತಿರುವಿಟ್ಟರು. ನಿಮ್ಮಲ್ಲಿ ಆ ದಾರಿಯಲ್ಲಿ ಹಾರಿದವರು ಯಾರಾದರೂ ಇದ್ದರೆ, ಸರಿಯಾದ ಹೊತ್ತು ಬರೆದಿಡಿ. ನಾನು ಪಟ್ಟಿ ಬಿಚ್ಚಿಲ್ಲ.

ಗುರುಬಾಯಿ