ಅತ್ತೆಯ ದವಡೆಹಲ್ಲು ಉಳಿದ ಬಗೆ

ಮಳವಳ್ಳಿ, ಕ್ರಿ.ಶ. 2241, ಪುಷ್ಯ ಮಾಸದ ಮೂವತ್ತೆರಡನೇ ತಿಥಿ

ಇನ್ನೂರು ವರ್ಷದ ಹಿಂದೆ ಹಲ್ಲು ನೋಯುತ್ತಿರುವ ಎಲ್ಲ ಹಿರಿಯರಿಗೂ ಜವರಪ್ಪನ ನಮಸ್ಕಾರ. ತಿಥಿ ನೋಡಿ ಹುಬ್ಬೇರಿಸಬೇಡಿ. ತಿಂಗಳು ಸಾಲದೆಂದು ಎರಡು ದಿನ ನಾವೇ ಸೇರಿಸಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳು ನಿಮ್ಮ ಕಾಲಕ್ಕೆ ಇನ್ನೂ ಹುಟ್ಟಿರಲಾರವು, ಮನ್ನಿಸಿ.

ನನ್ನದು ಹಲ್ಲುತೋಟ. ಹುಳುಕು ಹಲ್ಲು ಕಿತ್ತ ಗುಳಿಯಲ್ಲಿ ಸಾಸಿವೆ ಗಾತ್ರದ ಹಲ್ಲುಮೊಳಕೆ ಇಟ್ಟರೆ ಒಂಬತ್ತು ತಿಂಗಳಿಗೆ ಹೊಸ ಹಲ್ಲು. ಆ ಮೊಳಕೆ ಬೆಳೆಸುವವನು ನಾನು. ತಳ್ಳುಗಾಡಿಯಲ್ಲಿ ಹಲ್ಲುಪುಡಿ ಮಾರುತ್ತಿದ್ದವನು ಬಾಯಿಮಾತಿನಿಂದಲೇ ಇಲ್ಲಿಗೆ ಬಂದೆ. ಮದುವೆ ಮನೆಯಲ್ಲಿ ಜನ ನಕ್ಕರೆ ನಾನು ಮುಖ ನೋಡುವುದಿಲ್ಲ, ನಾನು ಬೆಳೆಸಿದ ಹಲ್ಲು ಎಷ್ಟಿವೆ ಎಂದು ಎಣಿಸುತ್ತೇನೆ. ನನ್ನದು ಒಂದೂ ಇಲ್ಲದ ಬಾಯಿ ಊರಿಗೆ ಒಂದೇ: ಎಂಬತ್ತೆಂಟು ವರ್ಷದ ನನ್ನ ಅತ್ತೆ ಚಿಕ್ಕತಾಯಮ್ಮನವರದು.

ಪ್ರತಿ ಸಂಕ್ರಾಂತಿಗೆ ಅತ್ತೆಗೂ ಅವರ ವಾರಗಿತ್ತಿ ಹೊಂಬಾಳಮ್ಮನಿಗೂ ಕಬ್ಬಿನ ಪಂದ್ಯ. ತಲಾ ಒಂದು ಜಲ್ಲೆ. ಮೊದಲು ಅಗಿದು ಮುಗಿಸಿದವರು ಗೆದ್ದಂತೆ. ಇಪ್ಪತ್ತು ವರ್ಷದಲ್ಲಿ ಹತ್ತು ಇವರದು, ಹತ್ತು ಅವರದು. ಈ ಸಲದ್ದೇ ತೀರ್ಮಾನ. ಹಬ್ಬಕ್ಕೆ ಹನ್ನೊಂದು ದಿನವಿದೆ ಎನ್ನುವಾಗ ಅತ್ತೆಯ ಬಲದವಡೆ ಊದಿಕೊಂಡಿತು. ಹಲ್ಲಿನಲ್ಲಿ ಜೋಳದ ಕಾಳು ಕೂರುವಷ್ಟು ಗುಂಡಿ.

"ಕಿತ್ತಾಕ್ಸಿ ಮೊಳ್ಕೆ ಇಡ್ಸನ, ಅತ್ತೆ," ಎಂದೆ.

"ಒಂಬತ್ತು ತಿಂಗ್ಳು ಕಾಯಕ್ಕೆ ನಾನೇನ್ ಬಸುರಿನಾ, ಅಳಿಮಯ್ಯ? ಅಷ್ಟೊತ್ಗೆ ಆ ಹೊಂಬಾಳಿ ಊರೆಲ್ಲ ಡಂಗುರ ಹೊಡ್ದಿರ್ತಳೆ. ಇರೋ ಹಲ್ಲೇ ಉಳ್ಸು."

ಹಲ್ಲು ಉಳಿಸುವ ವಿದ್ಯೆಯನ್ನು ನಮ್ಮವರು ಮರೆತೇಬಿಟ್ಟಿದ್ದಾರೆ. ನನ್ನ ವ್ಯಾಪಾರವೂ ಅದಕ್ಕೊಂದು ಕಾರಣ, ಸುಳ್ಳೇಕೆ ಹೇಳಲಿ. ಆದರೆ ನಮ್ಮೂರ ಹಲ್ಲಿನ ಡಾಕ್ಟರು ಮಾದೇವಿಯವರು ನಿಮ್ಮ ಕಾಲದ ಪುಸ್ತಕಗಳನ್ನು ಓದಿಕೊಂಡವರು. ನೀವು ಅದನ್ನು ರೂಟ್ ಕೆನಾಲ್ ಎನ್ನುತ್ತಿದ್ದಿರಂತೆ. ಮರಗಟ್ಟಿಸುವ ಸೂಜಿ ಚುಚ್ಚಿ, ಹಲ್ಲಿನ ತಲೆಯಲ್ಲೊಂದು ಕಿಂಡಿ ತೆಗೆದು, ಬೇರಿನೊಳಗೆ ಕೊಳೆತದ್ದನ್ನು ಕೂದಲೆಳೆಯಂಥ ಅರದಿಂದ ಕೆರೆದು ತೊಳೆದು, ಔಷಧಿ ಇಟ್ಟು ಕಳಿಸಿದರು. ಊತ ಇಳಿದ ಮೇಲೆ ಬೇರು ತುಂಬಿ, ಕ್ಯಾಪ್ ಕೂರಿಸಿದರು.

"ಹುಳುಕು ಬರೀ ಕಪ್ಪು ಚುಕ್ಕಿ ಇದ್ದಾಗ್ಲೇ ಬಂದಿದ್ರೆ ಬರೀ ಸಿಮೆಂಟ್ ತುಂಬಿ ಕಳಿಸ್ತಿದ್ದೆ, ಅಜ್ಜಿ. ಇನ್ಮೇಲೆ ಕಬ್ಬಿನ ಗಿಣ್ಣು ಮಾತ್ರ ಕಚ್ಬೇಡಿ," ಎಂದರು.

ಗಿಣ್ಣಿಲ್ಲದ ಕಬ್ಬು ಎಲ್ಲಿದೆ? ನಾನು ಹೊಂಬಾಳಮ್ಮನ ಜಗುಲಿಯಲ್ಲಿ ಕೂತು, ಮೂರು ಲೋಟ ಕಾಫಿ ಕುಡಿದು, ಇಬ್ಬರ ಕಬ್ಬಿನ ಗಿಣ್ಣನ್ನೂ ಕತ್ತರಿಸಿ ಹಾಕಬೇಕೆಂದು ಒಪ್ಪಿಸಿ ಎದ್ದೆ.

ಹಬ್ಬದ ದಿನ ಯಾರ ಪರ ಕೂಗಲಿ? ಹೊಂಬಾಳಮ್ಮನ ಬಾಯಲ್ಲಿ ಹದಿನೇಳು ಹಲ್ಲು ನನ್ನವೇ. ಇಬ್ಬರಿಗೂ ಚಪ್ಪಾಳೆ ತಟ್ಟಿದೆ. ಅತ್ತೆ ಅರ್ಧ ಗೇಣಿನಿಂದ ಗೆದ್ದರು! ಹಿಪ್ಪೆ ಉಗಿದು, ಸೆರಗು ಸಿಕ್ಕಿಸಿಕೊಂಡು ಕುಣಿದರು.

"ಎಂಥಾ ಹಲ್ಲು ಕೊಟ್ಯೋ, ಜವರ! ಮುಂದಿನ್ ಸಲ ನಾನೇ ಗೆಲ್ತೀನಿ, ಇರು," ಎಂದು ಹೊಂಬಾಳಮ್ಮ ಬೈದು, ತಾವೂ ನಕ್ಕು, ವಾರಗಿತ್ತಿಯ ಬಾಯಿಗೆ ಎಳ್ಳುಬೆಲ್ಲ ಹಾಕಿದರು. ಮರುದಿನ ಹತ್ತೊಂಬತ್ತು ಗಿರಾಕಿಗಳು ನನ್ನ ಬಾಗಿಲು ದಾಟಿ ಮಾದೇವಿಯವರ ಬಾಗಿಲಿಗೆ ಹೋದರು. ನಾನೇ ದಾರಿ ತೋರಿಸಿದೆ.

ಹಿರಿಯರೇ, ಹೆದರುತ್ತಲೇ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತ ನಿಮಗೆ ಕೈಮುಗಿಯುತ್ತೇನೆ. ನೀವು ಕೂತದ್ದರಿಂದಲೇ ಆ ವಿದ್ಯೆ ಪುಸ್ತಕ ಸೇರಿತು, ಅತ್ತೆ ಗೆದ್ದರು. ಇನ್ನೂ ಕೂರದವರು ನಾಳೆಯೇ ಹೋಗಿ. ಹೊಸ ಹಲ್ಲು ಮಾರುವವನೇ ಹೇಳುತ್ತಿದ್ದೇನೆ, ನಂಬಿ.