ಪುಟ್ಟಿಯ ಎರಡು

ಹನ್ನೊಂದನೇ ತಾರೀಖು, ಬುಧವಾರ
ಕಾರ್ಖಾನೆ, ಊಟದ ಬಿಡುವು

ಪ್ರೀತಿಯ ಅಮ್ಮ,

ಇದು ಬರೆಯುವ ಕಾಗದವಲ್ಲ, ನಮ್ಮ ಕಟಿಂಗ್ ಮೇಜಿನ ಮೇಲೆ ಉಳಿದ ಕಂದು ಹಾಳೆ. ಒಂದು ಅಂಚು ಅಂಗಿಯ ಕಂಕುಳಿನ ಆಕಾರಕ್ಕೆ ಬಾಗಿದೆ, ಅಲ್ಲಿ ಸಾಲುಗಳು ಗಿಡ್ಡವಾಗುತ್ತವೆ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವಳು ನೀನು. ಇದನ್ನು ಓದುವಾಗ ಮಾತ್ರ ಆ ಕೆಂಪು ಪೆನ್ನನ್ನು ಡ್ರಾಯರಿನಲ್ಲಿಟ್ಟು ಬಾ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಅಂದರೆ ನೀನು ಹತ್ತು ಅನ್ನುತ್ತೀ, ಕೊನೆಗೆ ನಾನು 'ಸರಿ ಬಿಡು' ಎಂದು ಇಟ್ಟುಬಿಡುತ್ತೇನೆ. ಈ ಸಲ 'ಸರಿ ಬಿಡು' ಅಂದರೆ ಹೊಟ್ಟೆಯನ್ನೇ ಕೊಯ್ಯುತ್ತಾರೆ.

ನೀನು ಹೋದ ವಾರ ಬರೆದದ್ದನ್ನು ನಾಲ್ಕು ಸಲ ಓದಿದೆ. ಆಪರೇಶನ್ ಮಾಡಿಸಿಕೋ, ನಾನು ಬಂದು ಒಂದು ತಿಂಗಳು ಇರುತ್ತೇನೆ, ತೂಕ ಇಳಿದರೆ ಎಲ್ಲ ಸರಿಹೋಗುತ್ತದೆ. ಎಷ್ಟು ಸುಲಭವಾಗಿ ಬರೆದಿದ್ದೀಯ! ಮಂಡಿ ನೋವಿಗೆ ನಾನು ಈಗ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿಯುತ್ತೇನೆ, ಸಕ್ಕರೆ ಮೇಲೇರುತ್ತಿದೆ, ಅದೆಲ್ಲ ನಿಜ. ತೂಕದ ಕ್ಲಿನಿಕ್ಕಿನ ಸರ್ಜನ್ ಒಳ್ಳೆಯವರು. ಹೊಟ್ಟೆಯ ಚಿತ್ರ ಬರೆದು ತೋರಿಸಿದರು: ಮೇಲೆ ಒಂದು ಪುಟ್ಟ ಚೀಲ ಮಾಡಿ ಅದನ್ನು ನೇರವಾಗಿ ಕರುಳಿಗೆ ಜೋಡಿಸುತ್ತಾರಂತೆ, ಉಳಿದ ಹೊಟ್ಟೆ ಸುಮ್ಮನೆ ಪಕ್ಕದಲ್ಲಿ ಇರುತ್ತದಂತೆ. ಒಮ್ಮೆ ಮಾಡಿದರೆ ಮುಗಿಯಿತು, ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವ ನಮ್ಮ ಅಂಗಿಯಲ್ಲ ಅದು. ಬರುವ ತಿಂಗಳು ದಿನ ಖಾಲಿ ಇದೆ, ಈ ತಿಂಗಳ ಇಪ್ಪತ್ಮೂರನೇ ತಾರೀಖಿನೊಳಗೆ ಹೌದೋ ಅಲ್ಲವೋ ಹೇಳಬೇಕು.

ಆದರೆ ನನ್ನ ಹಳೆಯ ಕಾಯಿಲೆ ಗೊತ್ತಲ್ಲ, ಹೊಟ್ಟೆ ಖಾಲಿಯಾಗದ ಕಾಯಿಲೆ, ನೀನು 'ನಿನ್ನ ನೆಪ' ಅನ್ನುತ್ತೀಯಲ್ಲ, ಅದು. ಅದಿರುವುದರಿಂದ ಹೊಟ್ಟೆ ಡಾಕ್ಟರ ಒಪ್ಪಿಗೆಯೂ ಬೇಕೆಂದರು. ಹೋದ ಸೋಮವಾರ ಅವರ ಹತ್ತಿರ ಮತ್ತೆ ಆ ಪರೀಕ್ಷೆ ಆಯಿತು. ಬೆಳಿಗ್ಗೆ ಮೊಟ್ಟೆ, ಬ್ರೆಡ್ಡು ತಿನ್ನಿಸಿ ಗಂಟೆಗೊಮ್ಮೆ ಚಿತ್ರ ತೆಗೆಯುತ್ತಾರೆ. ನಾಲ್ಕನೇ ಗಂಟೆಗೆ ಬೇರೆಯವರ ಹೊಟ್ಟೆ ಹೆಚ್ಚುಕಡಿಮೆ ಖಾಲಿ ಇರಬೇಕಂತೆ. ನನ್ನದರಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಕೂತಿತ್ತು, ಮನೆ ಬಿಡದ ಹಳೇ ಬಾಡಿಗೆದಾರನ ಹಾಗೆ. ನಾನು ಮಾಡಿಸಿಕೊಳ್ಳಲೇ ಬೇಡವೇ ಎಂದು ಕೇಳಿದೆ. ಈ ಆಪರೇಶನ್ನಿನಿಂದ ವಾಂತಿಯೇ ನಿಂತವರೂ ಇದ್ದಾರೆ, ಮಾಡಿಸಿಕೊಂಡ ಮೇಲೆ ಇನ್ನೂ ಹಾಳಾದವರೂ ಇದ್ದಾರೆ, ನೀವು ಯಾವ ಕಡೆ ಅಂತ ಮೊದಲೇ ಹೇಳೋಕಾಗಲ್ಲ ಅಂದರು. ಅಷ್ಟು ಓದಿದವರು ಹೀಗಂದರೆ ನಾನೇನು ಮಾಡಲಿ? ತಲೆ ಕೆಟ್ಟು ಹೋಗಿದೆ ಅಮ್ಮ. ಬೆಳಿಗ್ಗೆ ಎದ್ದಾಗ ಮಾಡಿಸಿಕೊಳ್ಳುತ್ತೇನೆ, ಬಸ್ಸು ಹತ್ತುವಾಗ ಬೇಡ, ಕಾರ್ಖಾನೆಯ ಮೆಟ್ಟಿಲಲ್ಲಿ ಮತ್ತೆ ಬೇಕು.

ಇಲ್ಲಿ ಕಟಿಂಗ್ ಮಾಸ್ಟರಿಗೆ ಹೇಳಿದೆ. ನನ್ನ ಕೆಲಸ ನಿನಗೆ ಯಾವತ್ತೂ ಸರಿಯಾಗಿ ಹೇಳಿಲ್ಲ. ನಾನು ಗುಂಡಿ ಪರೀಕ್ಷಿಸುವುದು ಹೌದು, ಆದರೆ ಅದರ ಜೊತೆಗೆ, ಎಲ್ಲ ಸಮವಸ್ತ್ರಗಳ ದೊಡ್ಡ ಸೈಜನ್ನು ಮೊದಲು ನನಗೇ ತೊಡಿಸಿ ನೋಡುತ್ತಾರೆ. ನಾನು ಸ್ಟೂಲಿನ ಮೇಲೆ ನಿಲ್ಲುತ್ತೇನೆ, ಮಾಸ್ಟರು ಬಾಯಲ್ಲಿ ಪಿನ್ನು ಕಚ್ಚಿಕೊಂಡು ಸುತ್ತಲೂ ಓಡಾಡುತ್ತಾರೆ. "ನೀನು ಸಣ್ಣ ಆಗ್ಬಿಟ್ರೆ ನಮ್ಮ ದೊಡ್ಡ ಸೈಜು ಎಲ್ಲಿಗೆ ಹೋಗ್ಬೇಕಮ್ಮ, ಗೋಡೆಗೆ ತೊಡಿಸ್ಲಾ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಳತೆ ಯಾವಾಗಲೂ ಬೆಳಿಗ್ಗೆಯೇ ತೆಗೆಯಬೇಕೆಂಬುದು ಅವರ ನಿಯಮ. ಮಧ್ಯಾಹ್ನದ ಹೊತ್ತಿಗೆ ನನ್ನ ಹೊಟ್ಟೆ ನಾಲ್ಕು ಇಂಚು ಉಬ್ಬಿರುತ್ತದೆ. ಹೋದ ವರ್ಷ ಅವರು ರಜೆಯಲ್ಲಿದ್ದಾಗ ಸೂಪರ್‌ವೈಸರ್ ಊಟವಾದ ಮೇಲೆ ಟೇಪು ಹಿಡಿದು, ನರ್ಸುಗಳ ಇನ್ನೂರು ಅಂಗಿ ಆ ಅಳತೆಗೆ ಹೊಲಿದು ಹೋದವು. ವಾಪಸು ಬರುತ್ತವೆ, ನನ್ನ ಕೆಲಸ ಹೋಯಿತು ಅಂದುಕೊಂಡಿದ್ದೆ. ಬಂದದ್ದು ಇನ್ನೂ ಮುನ್ನೂರಕ್ಕೆ ಆರ್ಡರು. ಸಂಜೆ ಹೊತ್ತಿಗೆ ಸೊಂಟ ಬಿಗಿಯದ ಅಂಗಿ ಇದೇ ಮೊದಲು ಅಂತ ಬರೆದಿದ್ದರಂತೆ. ಗುಂಡಿಯ ಡಬ್ಬಿ ಹಿಡಿದುಕೊಂಡು ಬಾತ್‌ರೂಮಿಗೆ ಹೋಗಿ ನಕ್ಕೆ, ಆಮೇಲೆ ಯಾಕೋ ಅಳು ಬಂತು. ನನ್ನ ಅಳತೆ ಬೆಳಗಿನದೋ ಮಧ್ಯಾಹ್ನದ್ದೋ, ನನಗೇ ಗೊತ್ತಿಲ್ಲ ನೋಡು.

ಇಷ್ಟು ಹೊತ್ತು ಅದೂ ಇದೂ ಹೇಳಿ ಜಾರಿಕೊಳ್ಳುತ್ತಿದ್ದೇನೆ. ಹೇಳಬೇಕಾದದ್ದು ಡೈರಿಯ ವಿಷಯ.

ತೂಕದ ಕ್ಲಿನಿಕ್ಕಿನಲ್ಲಿ ಹದಿನಾಲ್ಕು ದಿನ ತಿಂದದ್ದೆಲ್ಲ ಬರೆಯಲು ಒಂದು ಪುಸ್ತಕ ಕೊಟ್ಟಿದ್ದರು. ಅಲ್ಲಿ ಪಥ್ಯ ಹೇಳುವವಳು ಅದನ್ನು ಕೂಡಿಸಿ, "ಇಷ್ಟು ತಿಂದ್ರೆ ತೂಕ ಹೇಗ್ರೀ ಇಳಿಯತ್ತೆ, ನಿಮಗೆ ಆಪರೇಶನ್ನೇ ಸರಿ" ಅಂದಳು. ಅದರ ಮೇಲೆಯೇ ಸರ್ಜನ್ ಹೌದೆಂದರು. ಸೋಮವಾರ ಹೊಟ್ಟೆ ಡಾಕ್ಟರು ಒಂದು ಕೈಯಲ್ಲಿ ಆ ಪುಸ್ತಕ, ಇನ್ನೊಂದರಲ್ಲಿ ಚಿತ್ರ ಹಿಡಿದು ಎರಡನ್ನೂ ಹೋಲಿಸಿ ನೋಡಿದರು. ಆಮೇಲೆ, "ಈ ಹೊಟ್ಟೇಲಿ ಇಷ್ಟು ಹಿಡಿಯೋದೇ ಇಲ್ಲ. ಇದನ್ನ ಯಾರು ಬರೆದಿದ್ದು?" ಅಂದರು. ನಾನೇ ಅಂದೆ. "ಎಲ್ಲರೂ ಕಮ್ಮಿ ಬರೀತಾರೆ. ಹೆಚ್ಚು ಬರೆದೋರನ್ನ ನಾನು ಇದೇ ಮೊದಲು ನೋಡ್ತಿರೋದು. ಯಾಕಮ್ಮ?" ಅಂದರು.

ಬಸ್ಸಿನಲ್ಲಿ ಬರುವಾಗ ಉತ್ತರ ಹೊಳೆಯಿತು. ಒಂದು ಚೂರು ಬ್ರೆಡ್ಡು ತಿಂದಿದ್ದರೆ, ಎರಡು ತಿಂದು ಮರೆತಿರುತ್ತೇನೆ ಎಂದು ಎರಡು ಬರೆದಿದ್ದೇನೆ. ಎರಡು ಬಿಸ್ಕತ್ತು ತಿಂದರೆ ನಾಲ್ಕೋ ಐದೋ. ಮೋಸ ಮಾಡಬೇಕೆಂದಲ್ಲ, ನಿಜ ಬರೆಯಬೇಕೆಂದೇ. ಪುಟ್ಟಿಯ ಎರಡು ಅಂದರೆ ಐದಲ್ಲವೇ?

ನಮ್ಮ ಮನೆಯಲ್ಲಿ ಆ ಮಾತು ಹೇಗೆ ಶುರುವಾಯಿತು, ನಿನಗೆ ನೆನಪಿರಬೇಕು. ನನಗೆ ಒಂಬತ್ತು ವರ್ಷ. ಅಜ್ಜಿ ನೆಂಟರಿಗೆಂದು ಇಟ್ಟಿದ್ದ ಬಿಸ್ಕತ್ತಿನ ಡಬ್ಬಿ ತೆರೆದು ಎಣಿಸಿದರು, ಐದು ಕಡಿಮೆ ಇತ್ತು. ನಾನು ಎರಡು ತೆಗೆದೆ ಅಂದೆ. ಅಜ್ಜಿ ನಿನ್ನ ಮುಖ ನೋಡಿದರು. ನೀನು, "ಅವಳಿಗೆ ಎಣಿಸೋಕೆಲ್ಲಿ ಬರತ್ತೆ, ಐದೂ ಅವಳೇ ತಿಂದಿರ್ತಾಳೆ" ಅಂದೆ. ನೆಂಟರೆಲ್ಲ ನಕ್ಕರು. ಅವತ್ತಿನಿಂದ ನಾನು 'ಎರಡೇ ನಿಮಿಷ, ಬಂದೆ' ಅಂದರೂ, 'ಎರಡೇ ಲೆಕ್ಕ ಉಳಿದಿದೆ' ಅಂದರೂ ಅಪ್ಪ, "ಪುಟ್ಟಿಯ ಎರಡೋ, ನಿಜವಾದ ಎರಡೋ?" ಅನ್ನುತ್ತಿದ್ದರು.

ಕದ್ದು ತಿನ್ನುತ್ತಿದ್ದದ್ದು ನಿಜ ಅಮ್ಮ, ಅದನ್ನು ಅಲ್ಲಗಳೆಯುವುದಿಲ್ಲ. ಊಟಕ್ಕೆ ಕೂತರೆ ಎರಡು ತುತ್ತಿಗೇ ಹೊಟ್ಟೆ ತುಂಬಿ ಗಂಟಲಿಗೆ ಬರುತ್ತಿತ್ತು, ನಾಲ್ಕು ಗಂಟೆಗೆ ಹಸಿವಾಗುತ್ತಿತ್ತು. ತರಕಾರಿ ಹೊಟ್ಟೆಯಲ್ಲಿ ಕಲ್ಲಾಗಿ ಕೂರುತ್ತಿತ್ತು, ಬಿಸ್ಕತ್ತು ಮಾತ್ರ ಇಳಿಯುತ್ತಿತ್ತು. ಅದು ಕಾಯಿಲೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ನೀನೋ ಕಡ್ಡಿಯ ಹಾಗೆ ಇದ್ದೆ. ನಿಂತುಕೊಂಡೇ ಎರಡು ತುತ್ತು ತಿಂದು ಕೈ ತೊಳೆಯುತ್ತಿದ್ದೆ, ಅಜ್ಜಿ ನಿನ್ನನ್ನು ತೋರಿಸಿ ನೋಡಿ ಕಲಿ ಅನ್ನುತ್ತಿದ್ದರು. ನಿನ್ನ ಹಾಗೆ ಆಗಬೇಕೆಂದು ನನಗೆ ಎಷ್ಟು ಆಸೆಯಿತ್ತು ಗೊತ್ತಾ? ಈಗಲೂ ಇದೆ. ಅದಕ್ಕೇ ನಿನ್ನ ಪತ್ರ ನೋಡಿದ ಕೂಡಲೇ ಒಪ್ಪಿಬಿಡಬೇಕು ಅನ್ನಿಸಿತು. ಮತ್ತೆ ಸಿಟ್ಟೂ ಬಂತು. ನಾನು ತಿಂದು ತಿಂದು ಹೀಗಾದೆ ಎಂದು ನೀನು ಇನ್ನೂ ನಂಬಿದ್ದೀಯ, ಅದಕ್ಕೇ ಕೊಯ್ಯಿಸಲು ಇಷ್ಟು ಅವಸರ ಅನ್ನಿಸಿತು.

ಹೊಟ್ಟೆ ಡಾಕ್ಟರು ಒಂದು ಫಾರಂ ಕೊಟ್ಟಿದ್ದಾರೆ. ವಾಂತಿ ಯಾವ ವಯಸ್ಸಿನಲ್ಲಿ ಶುರುವಾಯಿತು, ಆಗ ದಪ್ಪ ಇದ್ದೆನೇ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂದೆಲ್ಲ ಅದರಲ್ಲಿ ಕೇಳಿದ್ದಾರೆ. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ನೀನು ಬರೆದು ಕಳಿಸು. ನೀನು ಹೇಳಿದ್ದನ್ನು ಹಾಗೇ ತುಂಬುತ್ತೇನೆ.

ಗಂಟೆ ಹೊಡೆಯಿತು, ಗುಂಡಿಗಳು ಕಾಯುತ್ತಿವೆ.

ದೊಡ್ಡ ಸೈಜಿನ, ಆದರೂ ನಿನ್ನ,
ಪುಟ್ಟಿ

ತಾ.ಕ.: ಇವತ್ತು ತಿಂದದ್ದು ಅರ್ಧ ಲೋಟ ಸೂಪು, ಎರಡು ಬಿಸ್ಕತ್ತು. ಮುಂದುವರಿಸಿ ಎಂದು ಹೊಟ್ಟೆ ಡಾಕ್ಟರು ವಾಪಸು ಕೊಟ್ಟ ಡೈರಿಯಲ್ಲಿ ನಾಲ್ಕು ಎಂದು ಬರೆದು, ಹೊಡೆದುಹಾಕಿ, ಮತ್ತೆ ನಾಲ್ಕು ಎಂದೇ ಬರೆದಿದ್ದೇನೆ.

---

ಹದಿನೇಳನೇ ತಾರೀಖು, ಮಂಗಳವಾರ
ಮನೆ

ಪುಟ್ಟಿ,

ನಿನ್ನ ಕಂದು ಹಾಳೆ ನಿನ್ನೆ ತಲುಪಿತು. ಕೆಂಪು ಪೆನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಕೈತುಂಬ ಕೆಲಸವಿತ್ತು.

ಫಾರಮ್ಮಿಗೆ ಉತ್ತರ. ವಾಂತಿ ಶುರುವಾದದ್ದು ನಿನಗೆ ಏಳು ವರ್ಷವಿದ್ದಾಗ, ಶಾಲೆಯವರು ಬಸ್ಸಿನಲ್ಲಿ ಕರೆದುಕೊಂಡು ಹೋದ ದಿನ. ಬಸ್ಸು ಒಗ್ಗಿಲ್ಲ ಅಂದುಕೊಂಡೆ. ಆಮೇಲೆ ಮನೆಯಲ್ಲೂ ಆಯಿತು, ಮನೆಯಲ್ಲಿ ಬಸ್ಸಿರಲಿಲ್ಲ. ಆಗ ನೀನು ದಪ್ಪ ಇರಲಿಲ್ಲ, ನಿನ್ನ ಮೊಣಕೈ ಮೂಳೆ ಕಾಣುತ್ತಿತ್ತು. ಇದನ್ನು ಹಾಗೇ ನಕಲು ಮಾಡು.

ಆಪರೇಶನ್ ಮಾಡಿಸಿಕೋ ಎಂದು ಬರೆದೆನಲ್ಲ, ಅದು ಗೊತ್ತಿದ್ದು ಬರೆದದ್ದಲ್ಲ. ಕೆಳಗಿನ ಮನೆಯ ನರ್ಸು ತನ್ನ ನಾದಿನಿ ಮಾಡಿಸಿಕೊಂಡು ಚೆನ್ನಾಗಿದ್ದಾಳೆ ಅಂದಳು, ನಾನು ಕೂತು ಬರೆದುಬಿಟ್ಟೆ. ಗೊತ್ತಿಲ್ಲದ್ದನ್ನೂ ಗೊತ್ತಿರುವ ಹಾಗೆ ಹೇಳುವುದು ನನಗೆ ಅಭ್ಯಾಸವಾಗಿದೆ. ನಿನ್ನ ಪತ್ರ ಓದಿದ ಮೇಲೆ ನನಗೂ ಏನೂ ತೋಚುತ್ತಿಲ್ಲ. ಮಾಡಿಸಿಕೊಂಡರೂ ಬರುತ್ತೇನೆ, ಬಿಟ್ಟರೂ ಬರುತ್ತೇನೆ. ಭಾನುವಾರದ ಬಸ್ಸಿಗೆ ಹೊರಡುತ್ತೇನೆ, ಸೋಮವಾರ ನಿನ್ನ ಜೊತೆ ಆ ಸರ್ಜನ್ ಹತ್ತಿರ ಕೂರುತ್ತೇನೆ, ಬಾಯಿ ಹಾಕುವುದಿಲ್ಲ.

ಬಿಸ್ಕತ್ತಿನ ವಿಷಯ ಬಹಳ ಹಳೆಯದಾಯಿತು. ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ. ಈಗ ಅದನ್ನು ಕೆದಕುವುದು ಬೇಡ.

ಮಂಡಿಗೆ ಬಿಸಿನೀರು ಕೊಡು.

ಇಂತಿ,
ಅಮ್ಮ

ತಾ.ಕ.: ಅಂಚೆ ಡಬ್ಬಿಯವರೆಗೆ ಹೋಗಿ ವಾಪಸು ಬಂದೆ. ಲಕೋಟೆ ಒಡೆದು ಇದನ್ನು ಸೇರಿಸುತ್ತಿದ್ದೇನೆ.

ಉಳಿದ ಮೂರು ನಾನು ತಿಂದದ್ದು. ಪ್ರೆಸ್ಸಿನಿಂದ ಬಂದು, ಕೋಟು ಕೂಡ ತೆಗೆಯದೆ, ಅಡುಗೆಮನೆಯ ಬಾಗಿಲ ಹಿಂದೆ ನಿಂತು ತಿಂದೆ. ಊಟಕ್ಕೆ ಕೂತರೆ ನನಗೂ ಎರಡು ತುತ್ತಿಗೇ ಗಂಟಲಿಗೆ ಬರುತ್ತಿತ್ತು. ನಿಂತು ತಿಂದರೆ ಯಾರೂ ನಮ್ಮ ತಟ್ಟೆ ನೋಡುವುದಿಲ್ಲ, ಅದಕ್ಕೇ ನಿಲ್ಲುತ್ತಿದ್ದೆ. ನಾಲ್ಕು ಗಂಟೆಗೆ ನನಗೂ ಹಸಿವು. ನಾನು ಸಣ್ಣಗಿದ್ದೆ, ನನ್ನನ್ನು ಯಾರೂ ಕೇಳಲಿಲ್ಲ. ಅಜ್ಜಿ ನನ್ನ ಮುಖ ನೋಡಿದಾಗ ನಾಚಿಕೆಯಿಂದ ಸತ್ತೇ ಹೋದೆ, ಬಾಯಿಗೆ ಬಂದದ್ದು ನಿನ್ನ ಹೆಸರು. ಒಂಬತ್ತು ವರ್ಷದವಳು, ನಾಳೆಗೆ ಮರೆಯುತ್ತೀ ಅಂದುಕೊಂಡೆ. ಆಮೇಲೆ ಅಪ್ಪ ಆ ಮಾತು ಹೇಳಿ ನಗುವಾಗಲೆಲ್ಲ ನಾನೂ ನಕ್ಕೆ. ನನ್ನದನ್ನು ಮುಚ್ಚಿಡಬೇಕಿತ್ತು, ಅದಕ್ಕೇ ನಿನ್ನದನ್ನು ನೆಪ ಎಂದೆ. ನೀನು ಬರೆದದ್ದು ಓದಿ ರಾತ್ರಿಯ ಊಟ ಇಳಿಯಲಿಲ್ಲ, ಅದಂತೂ ಹೊಸದಲ್ಲ.

ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಫಾರಮ್ಮಿನಲ್ಲಿ ಕೇಳಿದ್ದಾರಲ್ಲ, ಅಲ್ಲಿ ತಾಯಿಗೆ ಎಂದು ಬರೆ. ಡೈರಿಯನ್ನು ಮೊದಲ ದಿನದಿಂದ ಮತ್ತೆ ಬರೆ. ಮಾಡಿಸಿಕೊಳ್ಳಬೇಕೋ ಬೇಡವೋ ನನಗೆ ಗೊತ್ತಿಲ್ಲ, ಆದರೆ ನಿನ್ನ ಎಣಿಕೆ ಹಿಡಿದುಕೊಂಡು ನಿರ್ಧರಿಸು, ನನ್ನದನ್ನಲ್ಲ. ನೀನು ತೆಗೆದದ್ದು ಎರಡೇ, ಪುಟ್ಟಿ.