ಹತ್ತೊಂಬತ್ತನೇ ಮೆಟ್ಟಿಲು

ಸೆಂಟ್ರಲ್ ಅವೆನ್ಯೂ, ಲಾಸ್ ಏಂಜಲೀಸ್
ಶುಕ್ರವಾರ, ಏಪ್ರಿಲ್ 9, 1943

ಪ್ರೀತಿಯ ಓಝೆಲ್ಲ ಅಕ್ಕನಿಗೆ,

ಕೂತಿದ್ದರೆ ಎದ್ದು ನಿಲ್ಲು, ನಿಂತಿದ್ದರೆ ಗೋಡೆ ಹಿಡಿದುಕೋ. ವಿಕ್ಸ್‌ಬರ್ಗಿನ ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನ ಈ ಕರಿಯ ತಮ್ಮನ ಬೂಟಿನ ಅಟ್ಟೆ ಒರೆಸುವುದಕ್ಕೆಂದೇ ಸ್ಟುಡಿಯೋದವರು ಒಬ್ಬ ಬಿಳಿಯನನ್ನು ಸಂಬಳ ಕೊಟ್ಟು ನೇಮಿಸಿದ್ದರು. ಹೆಸರು ಡೂಲಿ. ವಯಸ್ಸು ಅರವತ್ತು. ಮೀಸೆ ನಮ್ಮ ರೆವರೆಂಡ್ ಟಾಲಿವರ್ ಅವರದಕ್ಕಿಂತ ಎರಡು ಬೆರಳು ಅಗಲ. ಪ್ರತಿ ಶಾಟಿಗೂ ಮುಂಚೆ ಅವನು ನನ್ನ ಮುಂದೆ ಮಂಡಿಯೂರಿ, "ಎಡಗಾಲು ಎತ್ತಪ್ಪಾ... ಹಾಂ, ಈಗ ಬಲಗಾಲು" ಎನ್ನುತ್ತಿದ್ದ. ಲಾಳ ಹೊಡೆಸಿಕೊಳ್ಳುವ ಕುದುರೆಯ ಹಾಗೆ ನಾನು ಎತ್ತಲೋ ನೋಡುತ್ತ ನಿಂತಿರುತ್ತಿದ್ದೆ. ಈ ಸುದ್ದಿಯನ್ನು ಅಲ್ಲಿ ಜೋರಾಗಿ ಹೇಳಬೇಡ, ಹಿಂದಿನ ತಾರೀಕು ಹಾಕಿ ನನ್ನನ್ನು ಹಿಡಿದುಕೊಂಡು ಹೋದಾರು. ನಿಜ ಹೇಳಬೇಕೆಂದರೆ ಅವನು ಕಾಪಾಡುತ್ತಿದ್ದದ್ದು ಮೆಟ್ಟಿಲಿನ ಮಾನವನ್ನು, ನನ್ನದನ್ನಲ್ಲ. ಚಿತ್ರದಲ್ಲಿ ನಾನು ಕುಣಿಯುವುದು ಬಗ್ಗಿದರೆ ಹಲ್ಲು ಕಾಣುವಷ್ಟು ಹೊಳಪಿನ ಬಿಳಿ ಮೆಟ್ಟಿಲ ಮೇಲೆ. ಅಟ್ಟೆಯ ಒಂದು ಗೀರು ಬಿದ್ದರೂ ಹಾಲಿನಲ್ಲಿ ಇರುವೆ ಬಿದ್ದಂತೆ ಕಾಣುತ್ತಿತ್ತು.

ಇನ್ನು ಕ್ಷೇಮ ಸಮಾಚಾರ. ನಿನ್ನ ಬೆನ್ನುನೋವು ಇಳಿಯಿತೇ? ಅಮ್ಮನ ಮಂಡಿಗೆ ಟರ್ಪೆಂಟೈನ್ ಹಚ್ಚುತ್ತಿದ್ದೀಯಾ, ಅಥವಾ ವಾಸನೆ ಅಂತ ಇನ್ನೂ ಒದೆಯುತ್ತಾಳಾ? ಸಕ್ಕರೆಗೆ ರೇಷನ್ ಬಂದ ಮೇಲೆ ಪೀಚ್ ಹಣ್ಣಿನ ಕಡುಬು ನಿಂತೇ ಹೋಯಿತಂತೆ, ಯುದ್ಧ ಎಷ್ಟು ಕ್ರೂರ ಅಂತ ನನಗೆ ಗೊತ್ತಾದದ್ದೇ ಆಗ. ನಾನು ಚೆನ್ನಾಗಿದ್ದೇನೆ. ನನ್ನ ಮನೆಯೊಡತಿ ಜೋಳದ ರೊಟ್ಟಿ ಮಾಡುತ್ತಾಳೆ, ನನ್ನ ಕುಣಿತದ ಬೂಟಿಗೆ ಬಡಿದ ಹಾಗೆ ಅದರ ತಳಕ್ಕೂ ಎರಡು ತಗಡು ಬಡಿದರೆ ಹಾಕಿಕೊಂಡು ಕುಣಿಯಬಹುದು.

ನಿನ್ನ ಕಾಗದ ಬಂತು. ಮುಂದಿನ ವಾರದ ಶನಿವಾರ, ಹದಿನೇಳಕ್ಕೆ, ಚರ್ಚಿನ ಮೂವತ್ತೇಳು ಜನ ನನ್ನ ಚಿತ್ರ ನೋಡಲು ಮೆರವಣಿಗೆಯಲ್ಲಿ ಹೊರಟಿದ್ದೀರಿ ಎಂದು ಬರೆದಿದ್ದೀಯ. ಇಪ್ಪತ್ತು ವರ್ಷ ಸಿನಿಮಾವನ್ನು ಸೈತಾನನ ಲಾಂದ್ರ ಅಂತ ಬೈದ ರೆವರೆಂಡರೇ ಬಾಲ್ಕನಿಯ ಮೊದಲ ಸಾಲು ಬೇಕೆಂದಿದ್ದಾರಂತೆ. ಅಮ್ಮ ನೀಲಿ ಟೋಪಿಗೆ ಹೊಸ ರಿಬ್ಬನ್ ಹೊಲಿದಿದ್ದಾಳಂತೆ. ಈ ಮಂಡಿ ಇಟ್ಟುಕೊಂಡು ಅಷ್ಟು ಮೆಟ್ಟಿಲು ಹತ್ತಬೇಡ ಅಂತ ನೀನು ಅಂದದ್ದಕ್ಕೆ ಅವಳು, "ನನ್ ಮಗ ಮೆಟ್ಲು ಹತ್ತೋದ್ ನೋಡಕ್ಕೆ ನಾನ್ ಮೆಟ್ಲು ಹತ್ಬಾರ್ದೇನೇ?" ಎಂದಳಂತೆ. ಆ ಸಾಲು ಓದಿ ಕಾಗದ ಮಡಿಚಿ ಜೇಬಿಗಿಟ್ಟೆ. ಮತ್ತೆ ತೆಗೆದು ಓದಿದೆ. ಅಕ್ಕಾ, ನನ್ನ ಈ ಕಾಗದವನ್ನು ನೀನೊಬ್ಬಳೇ ಇರುವಾಗ ಓದು. ಅಮ್ಮನಿಗೆ ಓದಿ ಹೇಳಬೇಡ.

ಚಿತ್ರದ ಆ ಬಿಳಿ ಮೆಟ್ಟಿಲು ಎಲ್ಲಿಂದ ಬಂತು ಅಂತ ನಾನು ನಿನಗೆ ಬರೆದೇ ಇಲ್ಲ. ಅಮ್ಮ ಬೆಳಿಗ್ಗೆ, ನೀವೀಗ ಹೊರಟಿರುವ ಅದೇ ಚಿತ್ರಮಂದಿರದ ಮುಂಬಾಗಿಲ ಹಜಾರ ಒರೆಸುತ್ತಿದ್ದಾಗ ನಾವಿಬ್ಬರೂ ಹಿಂದಿನ ಓಣಿಯಲ್ಲಿ ಕಾಯುತ್ತಿದ್ದೆವಲ್ಲ, ಬಿಳಿಯರ ಮುಂಬಾಗಿಲು ನಮಗಿಲ್ಲವೆಂದು ನಮ್ಮವರು ಬಾಲ್ಕನಿಗೆ ಹತ್ತುವ ಆ ಕಬ್ಬಿಣದ ಮೆಟ್ಟಿಲ ಮೇಲೆ? ಎಣಿಸಿ ಮೂವತ್ತೊಂದು. ನೀನು ಕೆಳಗೆ ಕೂತು ಚಪ್ಪಾಳೆ ತಟ್ಟುತ್ತಿದ್ದೆ, ನಾನು ಹತ್ತಿ ಇಳಿದು ಕುಣಿಯುತ್ತಿದ್ದೆ. ಹತ್ತೊಂಬತ್ತನೆಯದರ ತಗಡು ಸಡಿಲ. ತುಳಿದರೆ ಟಕ್ ಅಂದು, ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ಟಣ್ ಅನ್ನುತ್ತಿತ್ತು. "ಮೆಟ್ಲು ನಿನಗೆ ಎದುರು ಮಾತಾಡ್ತಿದೆ ಕಣೋ ಅಲೋಂಜೊ" ಅಂತ ನೀನು ನಗುತ್ತಿದ್ದೆ. ಇಲ್ಲಿನ ನೃತ್ಯ ನಿರ್ದೇಶಕ ಕೆಸ್ಲರ್, ಒಳ್ಳೆಯ ಮನುಷ್ಯ, ಬಾಯಲ್ಲಿ ಸದಾ ಆರಿದ ಸಿಗಾರು, "ಯಾವ ಶಾಲೇಲಿ ಕಲಿತೆ?" ಅಂತ ಕೇಳಿದ. ನಾನು ಅಷ್ಟೂ ಹೇಳಿದೆ. ಮೂರು ವಾರದಲ್ಲಿ ಬಡಗಿಗಳು ಕರಿಯ ಪರದೆಯ ಮುಂದೆ ಬಿಳಿಯದೊಂದು ಮೆಟ್ಟಿಲು ನಿಲ್ಲಿಸಿದರು. ಎಣಿಸಿದೆ, ಮೂವತ್ತೊಂದು. ನಮ್ಮ ಓಣಿಯ ತುಕ್ಕು ಸ್ವರ್ಗಕ್ಕೆ ಹೋಗಿ ಸ್ನಾನ ಮಾಡಿ ಬಂದ ಹಾಗಿತ್ತು.

ನನಗೆ ಕೊಟ್ಟ ಕೋಟಿನ ವಿಷಯವನ್ನೂ ಕೇಳು. ನೋಡಿದರೆ ತಿಳಿ ಚಹಾದ ಬಣ್ಣ. ಬಿಳಿ ಕೋಟು ಅಂದಿದ್ದರಲ್ಲ ಎಂದರೆ ದರ್ಜಿ, "ನಿಜವಾದ ಬಿಳಿ ಹಾಕಿದ್ರೆ ದೀಪಕ್ಕೆ ಕಣ್ಣು ಕುಕ್ಕತ್ತೆ. ಪರದೆ ಮೇಲೆ ಬಿಳಿಯಾಗಿ ಕಾಣ್ಬೇಕಂದ್ರೆ ಬಿಳಿ ಆಗಿರ್ಬಾರ್ದು" ಎಂದ. ನಾನು ಬಹಳ ಆಸೆಯಿಂದ ಕನ್ನಡಿ ನೋಡಿಕೊಂಡೆ ಅಕ್ಕಾ. ಆ ಸೂತ್ರ ಕೋಟುಗಳಿಗೆ ಮಾತ್ರವಂತೆ.

ಕುಣಿತ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಒಂದೇ ಶಾಟು. ಕ್ಯಾಮೆರಾ ಕ್ರೇನಿನ ಮೇಲೆ ಕೂತು ನನ್ನ ಜೊತೆಗೇ ಮೇಲೇರುತ್ತದೆ, ನನ್ನ ಜೊತೆಗೇ ಇಳಿಯುತ್ತದೆ, ತಲೆಯಿಂದ ಕಾಲಿನವರೆಗೆ ಒಂದು ಅಂಗುಲವೂ ಬಿಟ್ಟುಹೋಗುವುದಿಲ್ಲ. "ಮುಖ ತೋರ್ಸೋಕೆ ಹೋಗಿ ಕಾಲು ಕತ್ತರಿಸೋನು ಕಟುಕ, ನಿರ್ದೇಶಕ ಅಲ್ಲ" ಅಂತ ಕೆಸ್ಲರ್ ಗುಡುಗುತ್ತಿದ್ದ. ನನ್ನ ಕುಣಿತಕ್ಕೆ ಕತ್ತರಿಯೇ ತಾಗುವುದಿಲ್ಲ ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಅದಷ್ಟೇ ಅಲ್ಲ, ನನ್ನೊಬ್ಬನಿಗೇ ಅಂತ ಪ್ರತ್ಯೇಕ ಪರದೆ. ಮೊದಲು ಅದು ಸರಿಯುತ್ತದೆ, ಕೊನೆಗೆ ಅದು ಮುಚ್ಚುತ್ತದೆ. ನಾಯಕ, ನಾಯಕಿ ಯಾರೂ ನನ್ನ ಮೆಟ್ಟಿಲಿಗೆ ಕಾಲಿಡುವ ಹಾಗಿಲ್ಲ. ನನಗೆ ಒಂದು ಮಾತೂ ಇಲ್ಲ, ಕಥೆಯಲ್ಲಿ ಯಾರಿಗೂ ನಾನು ಏನೂ ಆಗಬೇಕಿಲ್ಲ. ಮಹಾರಾಜರಿಗೆ ಮಾತ್ರ ಇಷ್ಟು ಏಕಾಂತ ಸಿಗುತ್ತದೆ ಅಂತ ನಾನು ಉಬ್ಬಿಹೋಗಿದ್ದೆ.

ಹೋದ ಸೋಮವಾರ ಬೂಟು ತರಲು ಸ್ಟುಡಿಯೋಗೆ ಹೋದೆ. ನಿನಗೆ ಗೊತ್ತಿರಲಿ, ಪರದೆ ಮೇಲೆ ಕೇಳುವ ಹೆಜ್ಜೆ ಸದ್ದು ಕುಣಿಯುವಾಗಿನದಲ್ಲ. ಆಮೇಲೆ ಕತ್ತಲ ಕೋಣೆಯಲ್ಲಿ ಚಿತ್ರ ನೋಡುತ್ತ, ಹಲಗೆಯ ಮೇಲೆ ಮತ್ತೆ ಕುಣಿದು ಸದ್ದು ತುಂಬಬೇಕು. ಹತ್ತೊಂಬತ್ತನೇ ಮೆಟ್ಟಿಲಿಗೆ ಮಾತ್ರ ಬಿಸ್ಕೆಟ್ ಡಬ್ಬಿಯ ಮುಚ್ಚಳ ತುಳಿದಿದ್ದೆ, ಆ ಟಣ್ ಬರಲಿ ಅಂತ. ಅಂದು ಬಿಟ್ಟುಬಂದಿದ್ದ ಬೂಟು. ಈಗ ಬೂಟಿಗೂ ರೇಷನ್, ಬಿಡಲಾಗುತ್ತದೆಯೇ? ಪಕ್ಕದ ಕೋಣೆಯಲ್ಲಿ ಫಿಲ್ಮು ಜೋಡಿಸುವ ಮಿಸೆಸ್ ಹ್ಯಾಲರನ್ ಇದ್ದಳು. ಬಿಳಿ ಕೈಗವಸು, ಕುತ್ತಿಗೆಗೆ ದಾರ ಕಟ್ಟಿದ ಕತ್ತರಿ. "ಬಾಪ್ಪಾ ಅಲೋಂಜೊ, ನನ್ ಗಂಡನ ಕಾಲಿಗಿಂತ ನಿನ್ ಕಾಲೇ ನಂಗೆ ಚೆನ್ನಾಗಿ ಗೊತ್ತು" ಅಂತ ನಕ್ಕಳು. ಮೇಜಿನ ಮೇಲೆ ನನ್ನ ಕುಣಿತವಿರುವ ಮೂರನೇ ರೀಲಿನ ಡಬ್ಬಿಗಳು ಎರಡು ಸಾಲಿನಲ್ಲಿದ್ದವು. ಒಂದು ಸಾಲು ತುಂಬಿಕೊಂಡಿತ್ತು. ಇನ್ನೊಂದರಲ್ಲಿ ರೀಲು ಸಡಿಲವಾಗಿ ಅಲ್ಲಾಡುತ್ತಿತ್ತು, ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ "ದಕ್ಷಿಣ" ಅಂತಿತ್ತು.

ನಾನು ಕೇಳುವ ಮೊದಲೇ ಅವಳೇ ಹೇಳಿದಳು. ದಕ್ಷಿಣದ ನಮ್ಮ ಕಡೆಯ ಊರುಗಳಲ್ಲಿ ಕರಿಯನೊಬ್ಬ ತಟ್ಟೆ ಹಿಡಿಯದೆ, ಬಾಗಿಲು ತೆರೆಯದೆ, ಸುಮ್ಮನೆ ಒಳ್ಳೆ ಕೋಟು ಹಾಕಿಕೊಂಡು ಚೆಂದವಾಗಿ ಕುಣಿದರೆ ಚಿತ್ರವನ್ನೇ ವಾಪಸು ಕಳಿಸುತ್ತಾರಂತೆ. ಆದ್ದರಿಂದ ಅಂಥ ಕುಣಿತವನ್ನು, ಕಥೆ ಕೆಡದಂತೆ ಕತ್ತರಿಸಿ ಬಿಡಲು ಬರುವ ಹಾಗೆ, ಮೊದಲೇ ಬಿಡಿಯಾಗಿ ಚಿತ್ರಿಸುತ್ತಾರಂತೆ. ಪರದೆ ಇರುವುದು ಅದಕ್ಕೆ. ನಾಯಕಿ ಮೆಟ್ಟಿಲಿಗೆ ಬಾರದೆ ಇರುವುದೂ ಅದಕ್ಕೆ. "ಬೇಜಾರ್ ಮಾಡ್ಕೋಬೇಡ ಮಗಾ. ನಿನ್ ಕುಣಿತದೊಳಗೆ ನಾನೊಂದ್ ಗೀರೂ ಹಾಕಿಲ್ಲ. ಈ ಕಡೆ ಒಂದು, ಆ ಕಡೆ ಒಂದು, ಎರಡೇ ಕತ್ತರಿ. ಇಷ್ಟು ಸಲೀಸಾದ ಕೆಲಸ ನಾನು ಮಾಡೇ ಇಲ್ಲ." ಹೊಗಳಿಕೆ ಅಂತಲೇ ಹೇಳಿದಳು. ನಾನೂ ಥ್ಯಾಂಕ್ಸ್ ಹೇಳಿದೆ.

ಅಕ್ಕಾ, ಚಿಕ್ಕಂದಿನಲ್ಲಿ ಬಾಲ್ಕನಿಯಲ್ಲಿ ಕೂತಾಗ ಚಿತ್ರ ಆಗಾಗ ಧಡ್ ಅಂತ ಹಾರುತ್ತಿತ್ತು, ನೆನಪಿದೆಯೇ? ಹಾಡು ಶುರುವಾಗುವಷ್ಟರಲ್ಲಿ ಮುಗಿದು, ನಿಂತಿದ್ದವಳು ಕೂತಿರುತ್ತಿದ್ದಳು. "ಸಿನಿಮಾಗೆ ಬಿಕ್ಕಳಿಕೆ ಬಂತು, ನೀರು ಕುಡಿಸ್ರೋ" ಅಂತ ನೀನು ಕೂಗಿ ಎಲ್ಲರನ್ನೂ ನಗಿಸುತ್ತಿದ್ದೆ. ಆ ಬಿಕ್ಕಳಿಕೆ ಯಾರೋ ಒಬ್ಬ ಮನುಷ್ಯ ಕಣೇ. ಅವನಿಗೂ ಎಲ್ಲೋ ಒಬ್ಬಳು ತಾಯಿ ಇದ್ದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸುಮ್ಮನೆ ಕೂರಲಿಲ್ಲ ನಾನು. ತುಂಬಿದ ಡಬ್ಬಿ ಒಂದನ್ನು ಅಕಸ್ಮಾತ್ತಾಗಿ ವಿಕ್ಸ್‌ಬರ್ಗಿಗೆ ಕಳಿಸಿಬಿಡಮ್ಮ ಅಂತ ಮಿಸೆಸ್ ಹ್ಯಾಲರನ್‌ಗೆ ಕೈಮುಗಿದೆ. ಕಳಿಸಿದರೂ ಅಲ್ಲಿ ತೋರಿಸುವವನ ಹತ್ತಿರ ಅವನದೇ ಕತ್ತರಿ ಇರುತ್ತದೆ ಎಂದಳು. ಕೆಸ್ಲರ್ ಹತ್ತಿರ ಹೋದೆ. ಸಿಗಾರನ್ನು ಬಾಯಿಂದ ತೆಗೆದ. "ನಿಮ್ಮಮ್ಮನ್ನ ಶಿಕಾಗೋಗೆ ಕರ್ಸು. ಅಲ್ಲಿ ಪೂರ್ತಿ ತೋರಿಸ್ತಾರೆ" ಎಂದ. ಜೀವಮಾನದಲ್ಲಿ ಜಾಕ್ಸನ್ ಊರು ದಾಟದ ಅಮ್ಮನನ್ನು! ಮುಂದಿನ ಚಿತ್ರದಲ್ಲೂ ನನಗೊಂದು ಕುಣಿತ ಇದೆಯಂತೆ. ಪರದೆ ಇರುತ್ತಾ ಎಂದು ಕೇಳಿದೆ. ಅವನು ಸಿಗಾರನ್ನು ಮತ್ತೆ ಬಾಯಿಗಿಟ್ಟುಕೊಂಡ.

ಈಗ ನೀನೇ ಏನಾದರೂ ನೆಪ ಹುಡುಕಬೇಕು. ಮೂರು ನನಗೂ ಹೊಳೆದಿವೆ, ಮೂರೂ ದಂಡ. ಚಿತ್ರ ಸುಟ್ಟುಹೋಯಿತು ಅಂದರೆ ಅಮ್ಮ ಆ ಓಣಿಗೆ ಹೋಗಿ ಬೂದಿ ತೋರಿಸಿ ಅನ್ನುತ್ತಾಳೆ. ಮೈಯಲ್ಲಿ ಹುಷಾರಿಲ್ಲ ಅಂತ ನೀನು ಮಲಗಿದರೆ ನಿನ್ನನ್ನು ಮಲಗಿಸಿಯೇ ಹೊರಡುತ್ತಾಳೆ. ಸಿನಿಮಾ ಪಾಪ ಅಂತ ರೆವರೆಂಡರ ಬಾಯಲ್ಲಿ ಹೇಳಿಸೋಣವೆಂದರೆ ಆತ ಆಗಲೇ ಮೊದಲ ಸಾಲಿನಲ್ಲಿದ್ದಾರೆ. ಇದ್ದದ್ದನ್ನು ಇದ್ದ ಹಾಗೆ ಅಮ್ಮನಿಗೇ ಬರೆಯೋಣವೆಂದು ಈ ವಾರ ನಾಲ್ಕು ಸಲ ಕೂತೆ. ನಾಲ್ಕೂ ಬರೀ ಸಿಹಿ ಮಾತಿನ ಮದುವೆ ಕರೆಯೋಲೆಯ ಹಾಗೆ ಬಂದವು. ಹರಿದುಹಾಕಿದೆ.

ಅಮ್ಮನಿಗೆ ನನ್ನ ಮುತ್ತು. ರೆವರೆಂಡರಿಗೂ ಮೂವತ್ತೇಳು ಮಂದಿಗೂ ನನ್ನ ವಂದನೆ. ಮಿಕ್ಕ ಅಷ್ಟೂ ಪ್ರೀತಿ ನಿನಗೆ, ಅರ್ಧ ನಿನ್ನ ಬೆನ್ನಿಗೆ ಕೊಡು.

ನಿನ್ನ ತಮ್ಮ,
ಅಲೋಂಜೊ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ನೀನು ಅವಳನ್ನು ತಡೆಯಲಾರೆ, ನನಗೆ ಗೊತ್ತು. ಮೂರನೇ ರೀಲಿನಲ್ಲಿ ಗರಿಗಳ ಗೌನಿನ ನಾಯಕಿ "ಇನ್ನೇನು ಪರದೆ ಸರಿಯತ್ತೆ" ಅನ್ನುತ್ತಾಳೆ. ಮರುಕ್ಷಣ ಅವಳು ಕಾಫಿ ಕುಡಿಯುತ್ತಿರುತ್ತಾಳೆ. ನಾನು ಅವೆರಡರ ನಡುವೆ ಇದ್ದೇನೆ. ಯಾರಾದರೂ ಹುಡುಗರು ನಕ್ಕರೆ ಬೈಯಬೇಡ, ನಾವೂ ನಕ್ಕವರೇ. ನಿನ್ನಿಂದ ಆಗಬೇಕಾದದ್ದು ಒಂದೇ. ಹತ್ತೊಂಬತ್ತನೇ ಮೆಟ್ಟಿಲಿನ ತಗಡು ಇನ್ನೂ ಸಡಿಲವಾಗಿಯೇ ಇರುತ್ತದೆ, ಅದನ್ನು ಯಾರು ಬಿಗಿ ಮಾಡಿರುತ್ತಾರೆ? ಹತ್ತುವಾಗ ಅಮ್ಮ ತಾನೇ ಹತ್ತುತ್ತಾಳೆ, ಬಿಡು. ಇಳಿಯುವಾಗ ಅಲ್ಲಿ ಅವಳ ಕೈ ಹಿಡಿದುಕೋ.